ಗಣಕಯಂತ್ರದ ಲೆಕ್ಕದಲ್ಲಿ 'ಸಮ' ಎಂದರೇನು?

ಪ್ರಾಥಮಿಕ ಶಾಲೆಯ ಮೊದಲ ತರಗತಿಯಲ್ಲಿಯೇ ಮಕ್ಕಳು ಸಮಚಿಹ್ನೆಯನ್ನು ಕಲಿಯುತ್ತಾರೆ. ಎರಡಕ್ಕೆ ಮೂರನ್ನು ಕೂಡಿಸಿದರೆ ಐದು ಎಂದು ಬರೆಯುವಾಗ ನಡುವೆ ಎರಡು ಅಡ್ಡಗೆರೆಗಳನ್ನು ಎಳೆಯುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿಬಿಡುತ್ತದೆ. ಈ ಚಿಹ್ನೆಯನ್ನು ಮೊದಲು ಅಚ್ಚಿನ ಪುಸ್ತಕದಲ್ಲಿ ಬಳಸಿದವನು ವೇಲ್ಸ್ ಪ್ರಾಂತದ ವೈದ್ಯನೂ ಗಣಿತಜ್ಞನೂ ಆಗಿದ್ದ ರಾಬರ್ಟ್ ರೆಕಾರ್ಡ್. 1557ರಲ್ಲಿ ಪ್ರಕಟವಾದ ತನ್ನ ಬೀಜಗಣಿತದ ಗ್ರಂಥದಲ್ಲಿ, 'ಇದಕ್ಕೆ ಅದು ಸಮ' ಎಂದು ಮತ್ತೆ ಮತ್ತೆ ಬರೆಯುವ ಬೇಸರವನ್ನು ತಪ್ಪಿಸಿಕೊಳ್ಳಲು ಒಂದೇ ಉದ್ದದ ಎರಡು ಸಮಾಂತರ ಗೆರೆಗಳನ್ನು ಆತನು ಆರಿಸಿಕೊಂಡನು. ಜಗತ್ತಿನಲ್ಲಿ ಅವುಗಳಿಗಿಂತ ಹೆಚ್ಚು ಸಮಾನವಾದ ಎರಡು ವಸ್ತುಗಳು ಇರಲಾರವೆಂಬುದು ಆತನ ತರ್ಕವಾಗಿತ್ತು.

ಇಷ್ಟು ಸರಳವಾದ ಚಿಹ್ನೆಯ ವಿಷಯದಲ್ಲಿ ಒಂದು ಲೇಖನವನ್ನೇ ಬರೆಯುವ ಅಗತ್ಯವೇನಿದೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರವಾಗಿ ಪ್ರಸ್ತುತ ಲೇಖಕನು ತನ್ನದೇ ಒಂದು ತಪ್ಪನ್ನು ಮೊದಲಿಗೆ ನಿವೇದಿಸಿಕೊಳ್ಳುವುದು ಯೋಗ್ಯವೆಂದು ಭಾವಿಸುತ್ತಾನೆ.

ಕೆಲವು ವರ್ಷಗಳ ಹಿಂದೆ ಪರಿಚಿತರ ಒಂದು ಪ್ರೌಢಶಾಲೆಗಾಗಿ ಹಾಜರಾತಿಯ ಲೆಕ್ಕವನ್ನು ಮಾಡುವ ಒಂದು ಸಣ್ಣ ಕ್ರಮವಿಧಿಯನ್ನು ನಾನು ಬರೆದುಕೊಟ್ಟಿದ್ದೆ. ಜೂನ್‌ನಿಂದ ಮಾರ್ಚ್‌ವರೆಗೆ ಶಾಲಾ ವರ್ಷದಲ್ಲಿ ಹತ್ತು ತಿಂಗಳು. ಒಂದು ತಿಂಗಳು ಪೂರ್ತಿ ಹಾಜರಿದ್ದ ವಿದ್ಯಾರ್ಥಿಗೆ ಹತ್ತನೆಯ ಒಂದು ಪಾಲು, ಅಂದರೆ 0.1 ಅಂಕ. ಹತ್ತೂ ತಿಂಗಳ ಮೊತ್ತವು 1ಕ್ಕೆ ಸಮನಾದರೆ ಆ ವಿದ್ಯಾರ್ಥಿಗೆ ಪೂರ್ಣ ಹಾಜರಾತಿಯ ಬಹುಮಾನ. ವರ್ಷಾಂತ್ಯದಲ್ಲಿ ಯಂತ್ರವು ಅಚ್ಚು ಮಾಡಿಕೊಟ್ಟ ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ. ಪಕ್ಕದ ಹಳ್ಳಿಯಿಂದ ಪ್ರತಿದಿನವೂ ನಡೆದುಬರುತ್ತಿದ್ದ ಒಬ್ಬ ಹುಡುಗಿಗೆ ಬಹುಮಾನ ನಿಶ್ಚಯವೆಂದು ಇಡೀ ತರಗತಿ ನಂಬಿತ್ತು. ಯಂತ್ರ ಸುಳ್ಳು ಹೇಳಲಾರದೆಂದು ನಾನೂ, ಯಂತ್ರವೇ ಹೇಳಿದ ಮೇಲೆ ಎಲ್ಲೋ ಒಂದು ದಿನ ತಪ್ಪಿರಬೇಕೆಂದು ಕಚೇರಿಯವರೂ ತೀರ್ಮಾನಿಸಿದೆವು. ಆ ಹುಡುಗಿಯು ಅಳಲಿಲ್ಲ, ಜಗಳವಾಡಲಿಲ್ಲ. "ನಾನು ಯಾವ ದಿನ ತಪ್ಪಿಸಿದ್ದೆ, ಸರ್?" ಎಂದಷ್ಟೇ ಕೇಳಿದಳು. ತರಗತಿಯ ಉಪಾಧ್ಯಾಯಿನಿಯು ಕೈಬರಹದ ಹಾಜರಿ ಪುಸ್ತಕವನ್ನು ತಂದು ಪುಟಪುಟವಾಗಿ ತೋರಿಸಿದರು. ಅದರಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ತಪ್ಪು ಇದ್ದದ್ದು ನಾನು ಬರೆದಿದ್ದ ಒಂದು ಸಮಚಿಹ್ನೆಯಲ್ಲಿ.

ಆ ತಪ್ಪು ಯಾವುದು, ಅದರ ಬಳಗದ ಇತರ ತಪ್ಪುಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ಸ್ಥೂಲವಾಗಿ ವಿವೇಚಿಸಲಾಗಿದೆ.

ದತ್ತಾಂಶದ ಪ್ರಕಾರಗಳು

ಗಣಕಯಂತ್ರದ ಸ್ಮರಣಕೋಶದಲ್ಲಿ ಇರುವುದು ಸೊನ್ನೆ ಮತ್ತು ಒಂದು ಎಂಬ ಎರಡು ಸ್ಥಿತಿಗಳ ಸಾಲುಗಳು ಮಾತ್ರ. ಅಲ್ಲಿ ಸಂಖ್ಯೆಯೂ ಇಲ್ಲ, ಅಕ್ಷರವೂ ಇಲ್ಲ. 01000001 ಎಂಬ ಎಂಟು ಬಿಟ್‌ಗಳ ಒಂದು ಸಾಲನ್ನು ಸಂಖ್ಯೆಯೆಂದು ಓದಿದರೆ ಅದು 65. ಅದನ್ನೇ ಅಕ್ಷರವೆಂದು ಓದಿದರೆ ರೋಮನ್ ಲಿಪಿಯ ಮೊದಲನೆಯ ದೊಡ್ಡಕ್ಷರ. ಹೇಗೆ ಓದಬೇಕೆಂಬ ಒಡಂಬಡಿಕೆಗೆ 'ದತ್ತಾಂಶ ಪ್ರಕಾರ' ಎಂದು ಹೆಸರು. ಪೂರ್ಣಾಂಕ, ದಶಮಾಂಶವುಳ್ಳ ಸಂಖ್ಯೆ, ಅಕ್ಷರಗಳ ಸರಣಿ, ನಿಜ-ಸುಳ್ಳು ಎಂಬ ತಾರ್ಕಿಕ ಮೌಲ್ಯ ಇವು ಅವುಗಳಲ್ಲಿ ಮುಖ್ಯವಾದವು.

ಏಳು ಎಂಬ ಸಂಖ್ಯೆಯೇ ಬೇರೆ, '7' ಎಂಬ ಬರಹದ ಗುರುತೇ ಬೇರೆ ಎಂಬುದನ್ನು ಇಲ್ಲಿ ಮನದಟ್ಟು ಮಾಡಿಕೊಳ್ಳಬೇಕು. ಬಹುಪಾಲು ಯಂತ್ರಗಳ ಸಂಕೇತಪಟ್ಟಿಯಲ್ಲಿ '7' ಎಂಬ ಗುರುತಿನ ಕ್ರಮಾಂಕವು 55. ವಿದ್ಯಾರ್ಥಿಯ ವಯಸ್ಸು ಸಂಖ್ಯೆ. ಅದನ್ನು ಕೂಡಬಹುದು, ಕಳೆಯಬಹುದು. ಆದರೆ ಆತನ ದಾಖಲಾತಿ ಕ್ರಮಾಂಕವು ನೋಡಲು ಸಂಖ್ಯೆಯಂತಿದ್ದರೂ ವಾಸ್ತವವಾಗಿ ಒಂದು ಹೆಸರು. ಎರಡು ದಾಖಲಾತಿ ಕ್ರಮಾಂಕಗಳನ್ನು ಯಾರೂ ಕೂಡುವುದಿಲ್ಲ. '007' ಎಂಬ ಕ್ರಮಾಂಕವನ್ನು ಸಂಖ್ಯೆಯೆಂದು ಭಾವಿಸಿ ಯಂತ್ರಕ್ಕೆ ಕೊಟ್ಟರೆ ಮುಂದಿನ ಎರಡು ಸೊನ್ನೆಗಳು ಅಳಿಸಿಹೋಗಿ 7 ಮಾತ್ರ ಉಳಿಯುತ್ತದೆ. ಅನಂತರ '007' ಎಂದು ಹುಡುಕಿದವನಿಗೆ ಆ ವಿದ್ಯಾರ್ಥಿ ಸಿಗುವುದಿಲ್ಲ.

ಈ ಒಡಂಬಡಿಕೆಯನ್ನು ಸ್ಪಷ್ಟಪಡಿಸುವ ಹೊಣೆ ಯಾರದು ಎಂಬಲ್ಲಿ ಭಾಷೆಗಳಲ್ಲಿ ಮತಭೇದವಿದೆ. 1957ರಲ್ಲಿ ಜಾನ್ ಬ್ಯಾಕಸ್ ಅವರ ನೇತೃತ್ವದಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಫೋರ್ಟ್ರಾನ್ ಭಾಷೆಯಲ್ಲಿ ಹೆಸರಿನ ಮೊದಲಕ್ಷರವೇ ಪ್ರಕಾರವನ್ನು ಸೂಚಿಸುತ್ತಿತ್ತು. ಐ, ಜೆ, ಕೆ, ಎಲ್, ಎಂ, ಎನ್ ಎಂಬ ಅಕ್ಷರಗಳಿಂದ ಮೊದಲಾಗುವ ಹೆಸರುಗಳು ಪೂರ್ಣಾಂಕಗಳು; ಉಳಿದವು ದಶಮಾಂಶ ಸಂಖ್ಯೆಗಳು. ಮುಂದೆ ಬಂದ ಕೆಲವು ಭಾಷೆಗಳು ಪ್ರತಿಯೊಂದು ಹೆಸರಿನ ಪ್ರಕಾರವನ್ನು ಮುಂಚಿತವಾಗಿ ಘೋಷಿಸಬೇಕೆಂದು ವಿಧಿಸಿದವು. ಮತ್ತೆ ಕೆಲವು, ಬರೆಯುವವನಿಗೆ ಶ್ರಮವಾಗದಿರಲೆಂದು, ಪ್ರಕಾರಗಳನ್ನು ತಾವೇ ಊಹಿಸಿಕೊಂಡು ಅಗತ್ಯ ಬಿದ್ದಲ್ಲಿ ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸಿಕೊಳ್ಳುವ ಉದಾರತೆಯನ್ನು ತೋರಿದವು. ಈ ಉದಾರತೆಯ ಫಲವನ್ನು ಮುಂದೆ ನೋಡಲಿದ್ದೇವೆ.

ಒಂದು ಚಿಹ್ನೆ, ಎರಡು ಕೆಲಸ

ಗಣಿತದಲ್ಲಿ ಸಮಚಿಹ್ನೆಯು ಒಂದು ಸಂಗತಿಯನ್ನು ಹೇಳುತ್ತದೆ. ಕ್ರಮವಿಧಿಯಲ್ಲಿಯಾದರೋ ಎರಡು ಬೇರೆ ಬೇರೆ ಕಾರ್ಯಗಳು ಬೇಕಾಗುತ್ತವೆ. 'ಈ ಪೆಟ್ಟಿಗೆಯಲ್ಲಿ ಐದನ್ನು ಇಡು' ಎಂಬುದು ಆಜ್ಞೆ. 'ಈ ಪೆಟ್ಟಿಗೆಯಲ್ಲಿ ಇರುವುದು ಐದೇ?' ಎಂಬುದು ಪ್ರಶ್ನೆ. ಫೋರ್ಟ್ರಾನ್ ಸಮಚಿಹ್ನೆಯನ್ನು ಆಜ್ಞೆಗೆ ಮೀಸಲಿಟ್ಟು ಪ್ರಶ್ನೆಗೆ ಅಕ್ಷರಗಳ ಒಂದು ಸಂಕೇತವನ್ನು ಬಳಸಿತು. ಆಲ್ಗಾಲ್ ಭಾಷೆಯು ಆಜ್ಞೆಗೆ ಸಮಚಿಹ್ನೆಯ ಹಿಂದೆ ಎರಡು ಚುಕ್ಕಿಗಳನ್ನು ಸೇರಿಸಿ, ಶುದ್ಧ ಸಮಚಿಹ್ನೆಯನ್ನು ಪ್ರಶ್ನೆಗೆ ಉಳಿಸಿತು. 1972ರ ವೇಳೆಗೆ ಡೆನಿಸ್ ರಿಚಿ ಅವರು ರೂಪಿಸಿದ 'ಸಿ' ಭಾಷೆಯಲ್ಲಿ ಒಂಟಿ ಸಮಚಿಹ್ನೆ (=) ಆಜ್ಞೆಯಾಯಿತು, ಜೋಡಿ ಸಮಚಿಹ್ನೆ (==) ಪ್ರಶ್ನೆಯಾಯಿತು. ಅನಂತರದ ಬಹುಪಾಲು ಭಾಷೆಗಳು ಇದನ್ನೇ ಅನುಸರಿಸಿದವು.

ಒಂದು ಗೆರೆಜೋಡಿಯನ್ನು ಬರೆಯಲು ಮರೆತರೆ ಪ್ರಶ್ನೆಯು ಆಜ್ಞೆಯಾಗುತ್ತದೆ. ಇದು ಎಂತಹ ಅನರ್ಥಕ್ಕೆ ದಾರಿಯಾಗಬಲ್ಲದೆಂಬುದಕ್ಕೆ 2003ರ ನವೆಂಬರ್ ತಿಂಗಳ ಒಂದು ಘಟನೆ ಸಾಕ್ಷಿ. ಲಿನಕ್ಸ್ ಎಂಬ ಪ್ರಸಿದ್ಧ ಕಾರ್ಯಾಚರಣ ವ್ಯವಸ್ಥೆಯ ಮೂಲಪಾಠದ ಒಂದು ಪ್ರತಿಯಲ್ಲಿ ಯಾರೋ ಗುಟ್ಟಾಗಿ ಎರಡು ಸಾಲುಗಳನ್ನು ಸೇರಿಸಿದ್ದರು. ಮೇಲುನೋಟಕ್ಕೆ ಅದು 'ಈ ಬಳಕೆದಾರನ ಕ್ರಮಾಂಕವು ಸೊನ್ನೆಯೇ?' ಎಂಬ ನಿರಪಾಯ ಪ್ರಶ್ನೆಯಂತೆ ತೋರುತ್ತಿತ್ತು. ಆ ವ್ಯವಸ್ಥೆಯಲ್ಲಿ ಸೊನ್ನೆ ಎಂಬುದು ಸರ್ವಾಧಿಕಾರಿಯ ಕ್ರಮಾಂಕ. ಆದರೆ ಅಲ್ಲಿ ಜೋಡಿಯ ಬದಲಿಗೆ ಒಂಟಿ ಸಮಚಿಹ್ನೆ ಇತ್ತು. ಆದ್ದರಿಂದ ಆ ಸಾಲು 'ಇವನ ಕ್ರಮಾಂಕವನ್ನು ಸೊನ್ನೆಯಾಗಿಸು' ಎಂಬ ಆಜ್ಞೆಯಾಗಿತ್ತು. ಅದರ ಗುಟ್ಟನ್ನು ಬಲ್ಲ ಯಾವನೇ ಸಾಮಾನ್ಯ ಬಳಕೆದಾರನು ಕ್ಷಣಮಾತ್ರದಲ್ಲಿ ಯಂತ್ರದ ಒಡೆಯನಾಗಬಹುದಿತ್ತು. ಆ ಬದಲಾವಣೆಗೆ ಅನುಮೋದನೆಯ ದಾಖಲೆ ಇಲ್ಲದ್ದನ್ನು ಮೂಲಪ್ರತಿಯನ್ನು ಕಾಯುತ್ತಿದ್ದವರು ಗಮನಿಸಿದ್ದರಿಂದ ಅಪಾಯ ತಪ್ಪಿತು. ದಫ್ತರವನ್ನು ಕ್ರಮವಾಗಿ ಇಟ್ಟುಕೊಳ್ಳುವ ಅಭ್ಯಾಸದ ಬೆಲೆ ಇಂತಹ ವೇಳೆಯಲ್ಲಿ ತಿಳಿಯುತ್ತದೆ.

ಅತಿ ಉದಾರತೆಯ ಫಲ

1995ರ ಮೇ ತಿಂಗಳಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಅವರು ಸುಮಾರು ಹತ್ತು ದಿನಗಳಲ್ಲಿ ಒಂದು ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಮುಂದೆ ಜಾವಾಸ್ಕ್ರಿಪ್ಟ್ ಎಂದು ಹೆಸರಾದ ಆ ಭಾಷೆಯು ಇಂದು ಜಗತ್ತಿನ ಅಂತರಜಾಲ ಪುಟಗಳಲ್ಲೆಲ್ಲ ವ್ಯಾಪಿಸಿಕೊಂಡಿದೆ. ಅಂತರಜಾಲದ ಪುಟದಲ್ಲಿ ಬಳಕೆದಾರನು ತುಂಬುವುದೆಲ್ಲ ಅಕ್ಷರಗಳ ರೂಪದಲ್ಲಿ ಬರುತ್ತದೆ. ಅದನ್ನು ಸಂಖ್ಯೆಯೊಡನೆ ಹೋಲಿಸುವಾಗ ಅಡಚಣೆಯಾಗದಿರಲೆಂದು ಈ ಭಾಷೆಯ ಜೋಡಿ ಸಮಚಿಹ್ನೆಯು, ಎರಡು ಬದಿಗಳ ಪ್ರಕಾರಗಳು ಬೇರೆಯಾದಲ್ಲಿ, ತಾನೇ ಮಾರ್ಪಾಡು ಮಾಡಿಕೊಂಡು ಹೋಲಿಸುತ್ತದೆ.

ಪರಿಣಾಮವನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. 0 ಎಂಬ ಸಂಖ್ಯೆಯನ್ನು '0' ಎಂಬ ಬರಹದೊಡನೆ ಹೋಲಿಸಿದರೆ ಈ ಭಾಷೆಯು 'ಸಮ' ಎನ್ನುತ್ತದೆ. ಅದೇ 0 ಎಂಬ ಸಂಖ್ಯೆಯನ್ನು ಏನೂ ಬರೆಯದ ಖಾಲಿ ಬರಹದೊಡನೆ ಹೋಲಿಸಿದರೂ, ಖಾಲಿಯನ್ನು ಸೊನ್ನೆಯೆಂದು ಮಾರ್ಪಡಿಸಿಕೊಂಡು, 'ಸಮ' ಎನ್ನುತ್ತದೆ. ಹಾಗಾದರೆ '0' ಎಂಬ ಬರಹವೂ ಖಾಲಿ ಬರಹವೂ ಪರಸ್ಪರ ಸಮವೇ? ಅಲ್ಲ ಎನ್ನುತ್ತದೆ, ಏಕೆಂದರೆ ಈ ಬಾರಿ ಎರಡೂ ಬರಹಗಳೇ ಆಗಿರುವುದರಿಂದ ಮಾರ್ಪಾಡಿನ ಪ್ರಮೇಯವಿಲ್ಲ, ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿದರೆ ಅವು ಭಿನ್ನ. ಒಂದೇ ವಸ್ತುವಿಗೆ ಸಮನಾದ ವಸ್ತುಗಳು ಪರಸ್ಪರ ಸಮ ಎಂಬುದು ಯೂಕ್ಲಿಡ್‌ನ ರೇಖಾಗಣಿತದ ಸ್ವಯಂಸಿದ್ಧ ತತ್ತ್ವಗಳಲ್ಲಿ ಮೊದಲನೆಯದು. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಬಲ್ಲ ಆ ತತ್ತ್ವವು ಇಲ್ಲಿ ಮುರಿದುಬಿದ್ದಿದೆ.

ಇದೇ ಭಾಷೆಯಲ್ಲಿ 'ಏನೂ ಇಲ್ಲ' ಎಂಬುದನ್ನು ಸೂಚಿಸುವ 'ನಲ್' ಎಂಬ ಮೌಲ್ಯವಿದೆ. ಅದು ಸೊನ್ನೆಗೆ ಸಮವೇ ಎಂದರೆ 'ಅಲ್ಲ' ಎಂಬ ಉತ್ತರ. ಸೊನ್ನೆಗಿಂತ ದೊಡ್ಡದೇ ಎಂದರೂ 'ಅಲ್ಲ'. ಆದರೆ 'ಸೊನ್ನೆಗಿಂತ ದೊಡ್ಡದು ಅಥವಾ ಸಮವೇ' ಎಂದು ಕೂಡಿಸಿ ಕೇಳಿದರೆ 'ಹೌದು'! ಹಿರಿದು-ಕಿರಿದುಗಳ ಪ್ರಶ್ನೆಯಲ್ಲಿ ನಲ್ ಅನ್ನು ಸೊನ್ನೆಯಾಗಿ ಮಾರ್ಪಡಿಸುವ ನಿಯಮವಿದ್ದು, ಸಮತೆಯ ಪ್ರಶ್ನೆಯಲ್ಲಿ ಆ ನಿಯಮ ಇಲ್ಲದಿರುವುದೇ ಈ ವೈಚಿತ್ರ್ಯಕ್ಕೆ ಕಾರಣ. 1999ರಲ್ಲಿ ಈ ಭಾಷೆಯ ಪ್ರಮಾಣಗ್ರಂಥದ ಮೂರನೆಯ ಆವೃತ್ತಿಯು ಪ್ರಕಾರವನ್ನೂ ಮೌಲ್ಯವನ್ನೂ ಒಟ್ಟಿಗೆ ಪರೀಕ್ಷಿಸುವ ತ್ರಿವಳಿ ಸಮಚಿಹ್ನೆಯನ್ನು (===) ಅಂಗೀಕರಿಸಿತು. ಹಳೆಯ ಜೋಡಿಯನ್ನು ತಿದ್ದುವಂತಿರಲಿಲ್ಲ; ತಿದ್ದಿದ್ದರೆ ಅದನ್ನು ನಂಬಿ ಬರೆದಿದ್ದ ಪುಟಗಳು ಕೆಟ್ಟುಹೋಗುತ್ತಿದ್ದವು. ಒಮ್ಮೆ ರೂಢಿಗೆ ಬಂದ ತಪ್ಪನ್ನು ತೆಗೆಯುವುದು ಹೊಸದನ್ನು ಕಟ್ಟುವುದಕ್ಕಿಂತ ಕಷ್ಟ.

ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯಲ್ಲಿ ಇದೇ ಉದಾರತೆಯು ಬೀಗವನ್ನೇ ಸಡಿಲಗೊಳಿಸಿತು. ಗುಪ್ತಪದಗಳನ್ನು ಇದ್ದಂತೆಯೇ ಕಾದಿರಿಸದೆ, ಗಣಿತದ ಒಂದು ಕ್ರಿಯೆಯಿಂದ ಅವನ್ನು ಅಂಕಿಗಳೂ ಅಕ್ಷರಗಳೂ ಬೆರೆತ ಒಂದು ಉದ್ದನೆಯ ಮುದ್ರೆಯಾಗಿ ಪರಿವರ್ತಿಸಿ ಇಡುವುದು ವಾಡಿಕೆ. ಕೆಲವು ಮುದ್ರೆಗಳು ಸೊನ್ನೆಯಿಂದ ಮೊದಲಾಗಿ, ಅನಂತರ 'ಇ' ಎಂಬ ರೋಮನ್ ಅಕ್ಷರ ಬಂದು, ಉಳಿದುದೆಲ್ಲ ಅಂಕಿಗಳೇ ಆಗಿರುವುದುಂಟು. ವಿಜ್ಞಾನದ ಬರವಣಿಗೆಯಲ್ಲಿ 'ಇ' ಎಂದರೆ ಹತ್ತರ ಘಾತ. ಸೊನ್ನೆಯನ್ನು ಹತ್ತರ ಯಾವ ಘಾತದಿಂದ ಗುಣಿಸಿದರೂ ಸೊನ್ನೆಯೇ ತಾನೆ? ಆದ್ದರಿಂದ ಇಂತಹ ಎರಡು ಭಿನ್ನ ಮುದ್ರೆಗಳನ್ನು ಜೋಡಿ ಸಮಚಿಹ್ನೆಯಿಂದ ಹೋಲಿಸಿದಾಗ ಆ ಭಾಷೆಯು ಎರಡನ್ನೂ ಸಂಖ್ಯೆಗಳೆಂದು ಓದಿ, ಎರಡೂ ಸೊನ್ನೆಯೆಂದು ಕಂಡು, 'ಸಮ' ಎಂದು ತೀರ್ಪು ಕೊಡುತ್ತದೆ. ಹೀಗೆ ಅನ್ಯನ ಗುಪ್ತಪದವೂ ಬೀಗವನ್ನು ತೆರೆಯಬಲ್ಲುದು. ಇದೇ ಭಾಷೆಯು ಬಹುಕಾಲದವರೆಗೆ ಸೊನ್ನೆಯನ್ನೂ ಅಂಕಿಗಳಿಂದ ಮೊದಲಾಗದ ಯಾವುದೇ ಪದವನ್ನೂ ಸಮವೆನ್ನುತ್ತಿತ್ತು. 2020ರ ನವೆಂಬರ್‌ನಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ ಈ ಎರಡನೆಯ ದೋಷವನ್ನು ತಿದ್ದಲಾಯಿತು. ಮುದ್ರೆಗಳ ವಿಷಯದಲ್ಲಿ ಇಂದಿಗೂ ಕಟ್ಟುನಿಟ್ಟಾದ ಹೋಲಿಕೆಯನ್ನು ಬರೆಯುವವನೇ ಆರಿಸಿಕೊಳ್ಳಬೇಕು.

ಹತ್ತನೆಯ ಒಂದು ಪಾಲು

ಇನ್ನು ಹಾಜರಾತಿಯ ಬಹುಮಾನದ ವಿಷಯಕ್ಕೆ ಬರೋಣ. ದಶಮಾನ ಪದ್ಧತಿಯಲ್ಲಿ ಮೂರನೆಯ ಒಂದು ಪಾಲನ್ನು ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಸಾಗುತ್ತದೆ. ಎಲ್ಲಿ ನಿಲ್ಲಿಸಿದರೂ ಕಿಂಚಿತ್ ಕೊರತೆ ಉಳಿಯುತ್ತದೆ. ಎರಡೇ ಅಂಕಿಗಳ ದ್ವಿಮಾನ ಪದ್ಧತಿಯಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಇವೆಲ್ಲವೂ ನಿಶ್ಶೇಷವಾಗಿ ಬರುತ್ತವೆ, ಏಕೆಂದರೆ ಅವು ಎರಡರಿಂದ ಮತ್ತೆ ಮತ್ತೆ ಭಾಗಿಸಿ ಪಡೆದ ಪಾಲುಗಳು. ಆದರೆ ಹತ್ತನೆಯ ಒಂದು ಪಾಲು ಬರುವುದಿಲ್ಲ. ಅದು 0.000110011001100 ಎಂದು ಕೊನೆಯಿಲ್ಲದೆ ಆವರ್ತಿಸುತ್ತದೆ. ನಮ್ಮ ಹಿರಿಯರು ಬಳಸುತ್ತಿದ್ದ ಹದಿನಾರಾಣೆಯ ರೂಪಾಯಿಯಲ್ಲಿ ಒಂದಾಣೆಯನ್ನು ಗಣಕಯಂತ್ರವು ರವೆಯಷ್ಟೂ ತಪ್ಪಿಲ್ಲದೆ ರೂಪಾಯಿಯ ಭಾಗವಾಗಿ ಬರೆದುಕೊಳ್ಳಬಲ್ಲದು. 1957ರ ಏಪ್ರಿಲ್ 1ರಂದು ಬಂದ ದಶಮಾನ ನಾಣ್ಯಪದ್ಧತಿಯ ಒಂದು ಪೈಸೆಯನ್ನು, ಅಂದರೆ ನೂರನೆಯ ಒಂದು ಪಾಲನ್ನು, ಹಾಗೆ ಬರೆದುಕೊಳ್ಳಲಾರದು. ಮನುಷ್ಯನಿಗೆ ಸುಲಭವಾದುದು ಯಂತ್ರಕ್ಕೆ ಕಷ್ಟವಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ದಶಮಾಂಶ ಸಂಖ್ಯೆಗಳನ್ನು ಯಂತ್ರಗಳು ಹೇಗೆ ಬರೆದುಕೊಳ್ಳಬೇಕೆಂಬುದಕ್ಕೆ 1985ರಲ್ಲಿ ಒಂದು ಅಂತರರಾಷ್ಟ್ರೀಯ ಖ್ಯಾತಿಯ ಪ್ರಮಾಣ ಸಿದ್ಧವಾಯಿತು. ಅದರ ಪ್ರಧಾನ ಶಿಲ್ಪಿ ವಿಲಿಯಂ ಕಾಹನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ದೊರಕಿತು. ಆ ಪ್ರಮಾಣದ ಮೇರೆಗೆ 64 ಬಿಟ್‌ಗಳಲ್ಲಿ 0.1 ಅನ್ನು ಬರೆದಿಟ್ಟಾಗ ನಿಜವಾಗಿ ಉಳಿಯುವ ಸಂಖ್ಯೆಯು ಹತ್ತನೆಯ ಒಂದು ಪಾಲಿಗಿಂತ ಅತ್ಯಲ್ಪವಾಗಿ ದೊಡ್ಡದು. ಅದನ್ನು ಹತ್ತು ಬಾರಿ ಕೂಡುತ್ತ ಹೋದಂತೆ ಪ್ರತಿ ಹೆಜ್ಜೆಯಲ್ಲಿಯೂ ಸಮೀಪದ ಸಂಖ್ಯೆಗೆ ಹೊಂದಿಸಬೇಕಾಗುತ್ತದೆ. ಕೊನೆಗೆ ದೊರಕುವುದು 1 ಅಲ್ಲ, 0.9999999999999999. ಇದೇ ಕಾರಣದಿಂದ 0.1ಕ್ಕೆ 0.2 ಅನ್ನು ಕೂಡಿಸಿದರೆ 0.30000000000000004 ಬರುತ್ತದೆ. ಪರದೆಯ ಮೇಲೆ ಎರಡು ಸ್ಥಾನಗಳಿಗೆ ಮಾತ್ರ ತೋರಿಸುತ್ತಿದ್ದುದರಿಂದ ಆ ಹುಡುಗಿಯ ಮೊತ್ತವು 1.00 ಎಂದೇ ನನ್ನ ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಸಮವಾದುದು ಯಂತ್ರಕ್ಕೆ ಸಮವಾಗಿರಲಿಲ್ಲ.

ಬಹುಮಾನದ ಪಟ್ಟಿಯಲ್ಲಿ ಆದ ತಪ್ಪನ್ನು ತಿದ್ದಬಹುದು. ಎಲ್ಲ ತಪ್ಪುಗಳೂ ಹಾಗಲ್ಲ. 1991ರ ಫೆಬ್ರವರಿ 25ರಂದು ಕೊಲ್ಲಿ ಯುದ್ಧದ ಕಾಲದಲ್ಲಿ ಸೌದಿ ಅರೇಬಿಯದ ದಹರಾನ್‌ನಲ್ಲಿ ಅಮೆರಿಕದ ಸೈನಿಕರ ವಸತಿಯ ಮೇಲೆ ಸ್ಕಡ್ ಕ್ಷಿಪಣಿಯೊಂದು ಬಿದ್ದು 28 ಮಂದಿ ಮಡಿದರು. ಅದನ್ನು ಆಕಾಶದಲ್ಲಿಯೇ ತಡೆಯಬೇಕಾಗಿದ್ದ ಪೇಟ್ರಿಯಟ್ ವ್ಯವಸ್ಥೆಯು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ ಎಣಿಸುತ್ತಿತ್ತು. ಆ ಎಣಿಕೆಯನ್ನು ಸೆಕೆಂಡುಗಳಾಗಿ ಪರಿವರ್ತಿಸಲು ಬಳಸಿದ 0.1 ಎಂಬ ಸಂಖ್ಯೆಯನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಡಲಾಗಿತ್ತು. ಒಂದೊಂದು ಎಣಿಕೆಯಲ್ಲಿ ಉಳಿದ ಕೊರತೆಯು ಸೆಕೆಂಡಿನ ಕೋಟಿಯ ಒಂದು ಭಾಗಕ್ಕೂ ಕಡಮೆ. ಆದರೆ ಯಂತ್ರವನ್ನು ಸುಮಾರು 100 ಗಂಟೆಗಳ ಕಾಲ ನಿಲ್ಲಿಸದೆ ನಡೆಸಿದ್ದರಿಂದ ಆ ಕೊರತೆಯು ಬೆಳೆದು ಸೆಕೆಂಡಿನ ಮೂರನೆಯ ಒಂದು ಪಾಲಾಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಚಲಿಸುತ್ತದೆ. ರಕ್ಷಣಾಯಂತ್ರವು ಆಕಾಶದ ಬೇರೊಂದು ಎಡೆಯಲ್ಲಿ ಹುಡುಕಿ, ಅಲ್ಲಿ ಏನೂ ಇಲ್ಲವೆಂದು ಸುಮ್ಮನಾಯಿತು. ತಿದ್ದಿದ ಕ್ರಮವಿಧಿಯು ದಹರಾನ್ ತಲುಪಿದ್ದು ಮರುದಿನ.

ಇದೇ ಪ್ರಮಾಣದಲ್ಲಿ 'ಸಂಖ್ಯೆಯಲ್ಲದ್ದು' ಎಂಬ ಒಂದು ವಿಶೇಷ ಮೌಲ್ಯವೂ ಉಂಟು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಂತಹ ಅರ್ಥಹೀನ ಕ್ರಿಯೆಯ ಫಲವದು. ಅದು ಯಾವುದಕ್ಕೂ ಸಮವಲ್ಲ, ತನಗೆ ತಾನೂ ಸಮವಲ್ಲ. ವಿಚಿತ್ರವೆನಿಸಿದರೂ ಇದರಲ್ಲಿ ವಿವೇಕವಿದೆ. ಎರಡು ಲೆಕ್ಕಗಳು ಕೆಟ್ಟಿವೆಯೆಂದ ಮಾತ್ರಕ್ಕೆ ಅವುಗಳ ಉತ್ತರ ಒಂದೇ ಎಂದು ಹೇಳಲಾಗದಷ್ಟೆ.

ಒಂದೇ ವಸ್ತುವೋ, ಒಂದೇ ಬೆಲೆಯೋ

ಇಬ್ಬರ ಕಿಸೆಯಲ್ಲಿ ಒಂದೊಂದು ರೂಪಾಯಿಯ ನಾಣ್ಯವಿದ್ದರೆ ಬೆಲೆ ಒಂದೇ, ನಾಣ್ಯಗಳು ಬೇರೆ. ಬೆಲೆಯ ಸಮತೆ ಬೇರೆ, ವಸ್ತುವಿನ ಅಭಿನ್ನತೆ ಬೇರೆ. ಈ ಎರಡನ್ನು ಒಂದೇ ಚಿಹ್ನೆಯಿಂದ ಕೇಳುವ ಭಾಷೆಗಳಲ್ಲಿ ಹೊಸಬರು ಎಡವುತ್ತಾರೆ. ಜಾವಾ ಭಾಷೆಯಲ್ಲಿ ವಸ್ತುರೂಪದಲ್ಲಿ ಕಟ್ಟಿಟ್ಟ ಎರಡು ಪೂರ್ಣಾಂಕಗಳನ್ನು ಜೋಡಿ ಸಮಚಿಹ್ನೆಯಿಂದ ಹೋಲಿಸಿದರೆ ಅದು ಬೆಲೆಯನ್ನಲ್ಲ, ವಸ್ತುವನ್ನು ನೋಡುತ್ತದೆ. ಆದರೆ -128ರಿಂದ 127ರವರೆಗಿನ ಸಂಖ್ಯೆಗಳನ್ನು ಆ ವ್ಯವಸ್ಥೆಯು ಮೊದಲೇ ಸಿದ್ಧಪಡಿಸಿಟ್ಟುಕೊಂಡು ಎಲ್ಲರಿಗೂ ಅದೇ ವಸ್ತುವನ್ನು ಹಂಚುತ್ತದೆ. ಆದ್ದರಿಂದ 127ಕ್ಕೆ 127 ಸಮವೆಂದೂ, 128ಕ್ಕೆ 128 ಸಾಮಾನ್ಯವಾಗಿ ಸಮವಲ್ಲವೆಂದೂ ಉತ್ತರ ಬರುತ್ತದೆ. ಸಣ್ಣ ಸಂಖ್ಯೆಗಳಿಂದ ಪರೀಕ್ಷಿಸಿ ಎಲ್ಲವೂ ಸರಿಯಿದೆಯೆಂದು ನೆಮ್ಮದಿಯಿಂದ ಮಲಗಿದವನಿಗೆ ದೊಡ್ಡ ಸಂಖ್ಯೆಗಳು ಬಂದ ದಿನ ಪೆಟ್ಟು ಬೀಳುತ್ತದೆ. ಪೈಥಾನ್ ಭಾಷೆಯು ಬೆಲೆಗೆ ಜೋಡಿ ಸಮಚಿಹ್ನೆಯನ್ನೂ ಅಭಿನ್ನತೆಗೆ ಬೇರೆ ಪದವನ್ನೂ ಇಟ್ಟಿದೆ. ಲಿಸ್ಪ್ ಪರಂಪರೆಯ ಭಾಷೆಯೊಂದರಲ್ಲಿಯಂತೂ ಸಮತೆಯನ್ನು ಕೇಳಲು ನಾಲ್ಕು ಬೇರೆ ಬೇರೆ ಸಾಧನಗಳಿವೆ. ಇದು ಗೊಂದಲವಲ್ಲ, ಸಮತೆಯು ಹಲವು ಬಗೆಯದೆಂಬ ಸತ್ಯವನ್ನು ಮುಚ್ಚಿಡದ ಪ್ರಾಮಾಣಿಕತೆ.

ದಾಖಲೆಗಳನ್ನು ವಿಚಾರಿಸುವ ಎಸ್‌ಕ್ಯೂಎಲ್ ಭಾಷೆಯಲ್ಲಿ 'ತಿಳಿಯದು' ಎಂಬುದಕ್ಕೂ ನಲ್ ಎಂಬ ಗುರುತನ್ನೇ ಇಡುತ್ತಾರೆ. ಇಬ್ಬರು ವಿದ್ಯಾರ್ಥಿಗಳ ಜನ್ಮದಿನ ತಿಳಿಯದೆಂದರೆ ಅವರು ಒಂದೇ ದಿನ ಹುಟ್ಟಿದವರೆಂದು ಹೇಳಬಹುದೇ? ಹೇಳಲಾಗದು, ಅಲ್ಲವೆನ್ನಲೂ ಆಗದು. ಆದ್ದರಿಂದ ಅಲ್ಲಿ ಒಂದು ನಲ್‌ಗೆ ಇನ್ನೊಂದು ನಲ್ ಸಮವೇ ಎಂಬ ಪ್ರಶ್ನೆಗೆ ಉತ್ತರವು ನಿಜವೂ ಅಲ್ಲ, ಸುಳ್ಳೂ ಅಲ್ಲ, 'ಅಜ್ಞಾತ'. 'ಜನ್ಮದಿನವು ನಲ್‌ಗೆ ಸಮನಾದವರನ್ನು ತೋರಿಸು' ಎಂದು ಕೇಳಿದರೆ ಒಬ್ಬರೂ ಸಿಗುವುದಿಲ್ಲ. 'ಜನ್ಮದಿನವು ನಲ್ ಆಗಿರುವವರನ್ನು ತೋರಿಸು' ಎಂಬ ಬೇರೆ ರೂಪದಲ್ಲಿ ಕೇಳಬೇಕು. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಈ ಸೌಜನ್ಯವನ್ನು ಮನುಷ್ಯರೂ ಕಲಿಯಬಹುದಾಗಿದೆ.

ಕನ್ನಡದ ಅಕ್ಷರಗಳಲ್ಲಿ ಸಮತೆ

ಈ ವಿವೇಚನೆ ನಮ್ಮ ಭಾಷೆಗೆ ಹೊರತಾದುದೆಂದು ಯಾರೂ ಭಾವಿಸಬೇಕಾಗಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ನಿಗದಿಮಾಡಿದ ಯೂನಿಕೋಡ್ ವ್ಯವಸ್ಥೆಯಲ್ಲಿ 'ಗೋಕಾಕ' ಎಂಬ ಊರಿನ ಹೆಸರನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆದಿಡಲು ಸಾಧ್ಯ. ಗಕಾರಕ್ಕೆ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಸೇರಿಸಿದರೆ ಇಡೀ ಪದಕ್ಕೆ ಐದು ಸಂಕೇತಗಳಾಗುತ್ತವೆ. ಅದೇ ಓಕಾರವನ್ನು ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿ ಇಟ್ಟರೆ ಏಳು ಸಂಕೇತಗಳಾಗುತ್ತವೆ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಮೂಡುತ್ತವೆ. ಸಂಕೇತಕ್ಕೆ ಸಂಕೇತವನ್ನು ಹೋಲಿಸುವ ಯಂತ್ರಕ್ಕೆ ಮಾತ್ರ ಅವು ಎರಡು ಬೇರೆ ಊರುಗಳು. ಹೋಲಿಸುವ ಮುನ್ನ ಎರಡನ್ನೂ ಒಂದೇ ಕಟ್ಟಳೆಗೆ ತರುವ ವಿಧಾನವನ್ನು ಯೂನಿಕೋಡ್ ಒದಗಿಸಿದೆ. ಅದನ್ನು ಬಳಸದಿದ್ದರೆ ಒಬ್ಬನೇ ವ್ಯಕ್ತಿ ಎರಡು ಬಾರಿ ದಾಖಲಾಗಬಹುದು, ಅಥವಾ ದಾಖಲೆಯಲ್ಲಿದ್ದೂ ಸಿಗದೆ ಹೋಗಬಹುದು.

ಇನ್ನೊಂದು ತೊಡಕಿಗೆ ಆ ಕಟ್ಟಳೆಯೂ ಪರಿಹಾರವಲ್ಲ. ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಬಹುಮಟ್ಟಿಗೆ ಒಂದೇ. ಅನುಸ್ವಾರದ ಸಂಕೇತ ಸಂಖ್ಯೆ 3202, ಸೊನ್ನೆಯದು 3302. 'ಬೆಂಗಳೂರು' ಎಂದು ಬರೆಯುವಾಗ ಬೆರಳಚ್ಚುಗಾರನು ಅನುಸ್ವಾರದ ಬದಲಿಗೆ ಸೊನ್ನೆಯನ್ನು ಒತ್ತಿ 'ಬೆ೦ಗಳೂರು' ಎಂದು ಬರೆದರೆ ಓದುಗನಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ಹುಡುಕುವ ಯಂತ್ರಕ್ಕೆ ಆ ಊರು ದೊರಕುವುದೂ ಕಷ್ಟ. ಹಾಗೆಯೇ '೭' ಎಂಬ ನಮ್ಮ ಅಂಕಿಯೂ '7' ಎಂಬ ಅಂಕಿಯೂ ಬರಹಗಳಾಗಿ ಹೋಲಿಸಿದಾಗ ಬೇರೆ ಬೇರೆ. ಅವನ್ನು ಸಂಖ್ಯೆಯಾಗಿ ಪರಿವರ್ತಿಸಿದಾಗ ಪೈಥಾನ್ ಭಾಷೆಯು ಎರಡನ್ನೂ ಏಳೆಂದು ಗುರುತಿಸುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯು ಕನ್ನಡದ ಏಳನ್ನು 'ಸಂಖ್ಯೆಯಲ್ಲದ್ದು' ಎಂದು ಬದಿಗೆ ಸರಿಸುತ್ತದೆ. ಕನ್ನಡದಲ್ಲಿ ಹೆಸರುಪಟ್ಟಿಗಳನ್ನು ಸಿದ್ಧಪಡಿಸುವ ಶಾಲೆ ಕಚೇರಿಗಳವರು ಈ ಸಂಗತಿಗಳನ್ನು ಅವಶ್ಯವಾಗಿ ಅರಿತಿರಬೇಕು.

ಅಧ್ಯಾಪಕರಿಗೆ ಕೆಲವು ಸೂಚನೆಗಳು

ಇಷ್ಟೆಲ್ಲ ವಿವೇಚನೆಯಿಂದ ಕೆಲವು ನಿಯಮಗಳನ್ನು ಸಂಗ್ರಹಿಸಿಕೊಳ್ಳಬಹುದು. ಮೊದಲನೆಯದಾಗಿ, ಎಣಿಸಬಹುದಾದುದನ್ನು ಪೂರ್ಣಾಂಕಗಳಲ್ಲಿಯೇ ಎಣಿಸಬೇಕು. ಹಣವನ್ನು ರೂಪಾಯಿಯ ದಶಮಾಂಶಗಳಲ್ಲಿ ಇಡದೆ ಪೈಸೆಗಳಲ್ಲಿ ಇಡಬೇಕು, ಹಾಜರಾತಿಯನ್ನು ಪಾಲುಗಳಲ್ಲಿ ಇಡದೆ ದಿನಗಳಲ್ಲಿ ಇಡಬೇಕು. ಎರಡನೆಯದಾಗಿ, ಅಳತೆಯಿಂದ ಬಂದ ದಶಮಾಂಶ ಸಂಖ್ಯೆಗಳನ್ನು ಹೋಲಿಸುವಾಗ ಸಮವೇ ಎಂದು ಕೇಳದೆ, ಅವುಗಳ ಅಂತರವು ಒಪ್ಪಬಹುದಾದಷ್ಟು ಅಲ್ಪವೇ ಎಂದು ಕೇಳಬೇಕು. ಮೂರನೆಯದಾಗಿ, ದಾಖಲಾತಿ ಕ್ರಮಾಂಕ, ದೂರವಾಣಿಯ ಸಂಖ್ಯೆ, ಅಂಚೆ ಸೂಚಿ ಮುಂತಾದ ಹೆಸರಿನಂತಹ ಅಂಕಿಗಳನ್ನು ಬರಹವಾಗಿಯೇ ಕಾಪಾಡಬೇಕು. ನಾಲ್ಕನೆಯದಾಗಿ, ಭಾಷೆಯು ಕಟ್ಟುನಿಟ್ಟಾದ ಹೋಲಿಕೆಯನ್ನು ಒದಗಿಸಿದ್ದಲ್ಲಿ ಅದನ್ನೇ ಬಳಸಿ, ಮಾರ್ಪಾಡನ್ನು ತಾನೇ ಬಹಿರಂಗವಾಗಿ ಮಾಡಬೇಕು. ಐದನೆಯದಾಗಿ, ಕನ್ನಡದ ಬರಹಗಳನ್ನು ಒಂದೇ ಕಟ್ಟಳೆಗೆ ತಂದ ಬಳಿಕವೇ ಹೋಲಿಸಬೇಕು.

ಇವೆಲ್ಲಕ್ಕೂ ಮೂಲವಾದ ಒಂದು ಮಾತಿದೆ. 'ಇವೆರಡೂ ಸಮವೇ?' ಎಂಬ ಪ್ರಶ್ನೆ ಅಪೂರ್ಣವಾದುದು. ಯಾವ ದೃಷ್ಟಿಯಿಂದ ಸಮ, ಯಾವ ಕೆಲಸಕ್ಕಾಗಿ ಸಮ ಎಂಬುದನ್ನು ಕೂಡಿಸಿ ಕೇಳಿದಾಗಲೇ ಅದು ಪೂರ್ಣವಾಗುತ್ತದೆ. ತರಗತಿಯಲ್ಲಿ ಗಣಕಶಾಸ್ತ್ರವನ್ನು ಬೋಧಿಸುವವರು ಭಾಷೆಯ ವ್ಯಾಕರಣಕ್ಕಿಂತ ಮೊದಲು ಈ ಅಭ್ಯಾಸವನ್ನು ಮಕ್ಕಳಲ್ಲಿ ಮೂಡಿಸಿದರೆ ಅವರು ಮುಂದೆ ಯಾವ ಭಾಷೆಯನ್ನು ಕಲಿತರೂ ದಾರಿ ತಪ್ಪಲಾರರು. ಯಂತ್ರದ ಉತ್ತರವೂ ಕೈಬರಹದ ದಫ್ತರವೂ ಭಿನ್ನವಾದಾಗ ಮೊದಲು ಸಂಶಯಿಸಬೇಕಾದುದು ಮಗುವನ್ನಲ್ಲ, ಲೆಕ್ಕದ ವಿಧಾನವನ್ನು ಎಂಬ ಪಾಠವೂ ಇದರೊಡನೆ ಸೇರಿರಲಿ.

ಹಾಜರಾತಿಯ ಕ್ರಮವಿಧಿಯನ್ನು ಅಂದೇ ಸಂಜೆ ತಿದ್ದಿದೆ. 0.1ರ ಬದಲಿಗೆ ಪ್ರತಿ ತಿಂಗಳಿಗೂ 1 ಎಂದು ಎಣಿಸಿ, ಮೊತ್ತವನ್ನು 10ರೊಡನೆ ಹೋಲಿಸಿದಾಗ ಪಟ್ಟಿಯಲ್ಲಿ ಒಂದು ಹೆಸರು ಮೂಡಿತು. ಬಹುಮಾನವು ಒಂದು ವಾರ ತಡವಾಗಿ ಆ ಹುಡುಗಿಯ ಕೈಸೇರಿತು. ಆಕೆಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಆ ದಿನ ಎಲ್ಲರ ಎದುರಿಗೆ ಕೊಟ್ಟೆ: ನೀನು ಒಂದು ದಿನವನ್ನೂ ತಪ್ಪಿಸಿರಲಿಲ್ಲ, ತಪ್ಪಿದ್ದು ನನ್ನ ಲೆಕ್ಕ.